ಊರ ಕೊಪ್ಪರಿಗೆಗೆ ಒಂದು ಮಳಿಗೆ

ದೇವನೂರಿನಲ್ಲಿ ಯಾರ ಮನೆ ಮದುವೆ ಗೊತ್ತಾದರೂ ಮೊದಲು ಹೋಗುತ್ತಿದ್ದುದು ಚಿಕ್ಕಬಸಪ್ಪನ ಮನೆಗೆ. ಅವನೇನೋ ಭಾರೀ ದೊಡ್ಡ ಮನುಷ್ಯ ಅಂತಲ್ಲ, ಊರೊಟ್ಟಿನ ಅಡುಗೆ ಪಾತ್ರೆಗಳು ಅವನ ನಡುಮನೆಯಲ್ಲಿದ್ದವು, ಅದಕ್ಕೆ. ನಾಲ್ಕಾಳು ಹೊರುವ ತಾಮ್ರದ ಕೊಪ್ಪರಿಗೆ, ಹಂಡೆಗಳು, ಸೌಟುಗಳು ಎಲ್ಲ ಅವನ ಅಪ್ಪನ ಕಾಲದಿಂದಲೂ ಅಲ್ಲೇ. ಬಾಡಿಗೆ ಇಲ್ಲ. ಕಟ್ಟಳೆ ಮಾತ್ರ ಉಂಟು: ಪಾತ್ರೆಯನ್ನು ಬೆಳಗಿ ತರಬೇಕು, ಬರಿದಾಗಿ ತರಬಾರದು. ತಳದಲ್ಲಿ ತಮ್ಮ ಮನೆಯ ಅಕ್ಕಿ ಒಂದಿಷ್ಟು ಇರಬೇಕು. ಆ ಅಕ್ಕಿಯಲ್ಲಿ ಅವನ ಹೆಂಡತಿ ಚನ್ನಾಜಮ್ಮ ಪಾಯಸ ಮಾಡುತ್ತಿದ್ದಳು. ಮದುವೆ ಮನೆಯ ಮಂಗಳ ತಮ್ಮ ಮನೆಗೂ ಬಂತೆಂದು ಇಬ್ಬರೂ ಉಣ್ಣುತ್ತಿದ್ದರು.

ಚಿಕ್ಕಬಸಪ್ಪ ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸಲು ಹೊರಟಾಗ ಪಾತ್ರೆಗಳಿಗೆ ಬೇರೆ ಜಾಗ ಹುಡುಕಬೇಕಾಯಿತು. "ಬಾಡಿಗೆ ಊರೊಟ್ಟಿಂದ ಕೊಡುವಾ. ಜಾಗ ನೀನೇ ನೋಡಪ್ಪ," ಅಂದರು ಊರ ಯಜಮಾನರು.

ತಿ. ನರಸೀಪುರದಲ್ಲಿ ಹೊಳೆ ಪಕ್ಕದ ಗೋಡೌನು ಸಿಕ್ಕಿತು. ಗೋಡೆ ಮುಟ್ಟಿದರೆ ಕೈ ಒದ್ದೆ. "ಒಳೆ ಬಂದಾಗ ಒಸಿ ನೀರು ಬತ್ತದೆ ಸಾ, ಆಮೇಲೆ ಅದೇ ಓಯ್ತದೆ," ಅಂದ ಅಲ್ಲಿಯವನು, ನೀರು ನೆಂಟರ ಹಾಗೆ ಬಂದುಹೋಗುವುದೇನೋ ಅನ್ನುವಂತೆ. ನಂಜನಗೂಡಿನದು ಮಹಡಿ ಮೇಲಿನ ಕೋಣೆ, ಆ ಮೆಟ್ಟಿಲಲ್ಲಿ ಕೊಪ್ಪರಿಗೆ ತಿರುಗುವ ಹಾಗಿರಲಿಲ್ಲ. ಬಿಳಿಗೆರೆಯ ರಸ್ತೆ ಬದಿಯ ಮಳಿಗೆಯೇ ಸರಿ. ಎತ್ತರದ ನೆಲ, ಅಗಲದ ಶಟರ್, ಟೆಂಪೋ ಬಾಗಿಲಿಗೇ ಬರುತ್ತದೆ. ಚಿಕ್ಕಬಸಪ್ಪನಿಗೆ ಜಾಗ ಹಿಡಿಸಿತು. ಮಾಲೀಕರು ಯಾರು ಅಂತ ಕೇಳುವಷ್ಟರಲ್ಲಿ ಹಿಂದಿನ ಮನೆಯಿಂದ ಚಿಕ್ಕಮಾದು ಬಂದ.

ಚಿಕ್ಕಮಾದು ದೇವನೂರಿನ ಕೇರಿಯವನು. ಗಾರೆ ಮೇಸ್ತ್ರಿಯಾಗಿ ದುಡಿದು ಇಲ್ಲಿ ಮಳಿಗೆ ಕಟ್ಟಿಸಿದ್ದ. ಅವನ ಅಪ್ಪ ಚಿಕ್ಕಬಸಪ್ಪನ ಮನೆ ಅಂಗಳದಲ್ಲೇ ನಿಂತು "ಬುದ್ದೀ" ಅನ್ನುತ್ತಿದ್ದ. ಇವನು ಎದುರಿಗೆ ಬಂದು "ಬನ್ನಿ ಬಸಪ್ಪಣ್ಣ" ಅಂದ. ಚಿಕ್ಕಬಸಪ್ಪ ಮುಖ ತಿರುಗಿಸಿ ಶಟರ್ ನೋಡತೊಡಗಿದ.

ಕಾರಣವಿತ್ತು. ಎರಡು ವರ್ಷದ ಹಿಂದೆ ಮಾದು ತನ್ನ ಮಗಳು ಕೋಮಲಳ ಮದುವೆಗೆ ಪಾತ್ರೆ ಕೇಳಿದ್ದ. ಕೇರಿಗೆ ಅವು ಹೋದದ್ದು ಅದೇ ಮೊದಲು. ಎಲ್ಲರ ಎದುರು ಚಿಕ್ಕಬಸಪ್ಪ, "ತಗಂಡೋಗಪ್ಪ, ಪಾತ್ರೆಗೆ ಯಾವ್ ಜಾತಿ?" ಅಂದಿದ್ದ. ದಿನಾ ಬೆಳಿಗ್ಗೆ ವಿಭೂತಿ ಧರಿಸಿ ವಚನ ಹೇಳುವ ಬಾಯಿಗೆ ತಕ್ಕ ಮಾತು ಅಂತ ಊರು ಹೊಗಳಿತು. ಪಾತ್ರೆ ಬೆಳಗಿಸಿಕೊಂಡು, ತಳದಲ್ಲಿ ಅಕ್ಕಿ ಇಟ್ಟುಕೊಂಡು ವಾಪಸು ಬಂತು. ಚನ್ನಾಜಮ್ಮ ಮೊರ ತಂದಾಗ ಅವನೇ ತಡೆದ. "ಇದು ಬ್ಯಾಡ ಬುಡು," ಎಂದು ಕೈಯಾರೆ ಬಾಚಿ ದನದ ಕಲಗಚ್ಚಿನ ಬಾನಿಗೆ ಸುರಿದ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಅಂದಿನಿಂದ ಮಾದು ಎದುರಾದರೆ ದಾರಿ ಬದಲಿಸುತ್ತಿದ್ದ. ಮಾಡಿದ್ದು ತಪ್ಪೆಂದು ಗೊತ್ತಿತ್ತು, ನಾಚಿಕೆಯೂ ಇತ್ತು. ಮಾದುವಿಗೆ ತಿಳಿದರೆ ಗತಿಯೇನು ಅನ್ನುವ ಭಯ ಎರಡಕ್ಕಿಂತ ದೊಡ್ಡದಾಗಿತ್ತು.

ಬೇರೆ ಕಡೆ ನೋಡುತ್ತೇನೆಂದು ಜಾರಿಕೊಳ್ಳಬಹುದಿತ್ತು. ಆದರೆ ನರಸೀಪುರದ ತೇವದಲ್ಲಿ ತಾಮ್ರ ಕಿಲುಬು ಹಿಡಿಯುತ್ತದೆ. ತನ್ನ ಮುಖ ಉಳಿಸಿಕೊಳ್ಳಲು ಊರ ಪಾತ್ರೆ ಕೆಡಿಸುವಷ್ಟು ಅವನು ಕೆಟ್ಟವನಲ್ಲ. ತಲೆ ತಗ್ಗಿಸಿಯೇ ಮಳಿಗೆ ಗೊತ್ತುಮಾಡಿದ.

ಪಾತ್ರೆ ಇಳಿಸಿದ ದಿನ ಮಾದು ಮನೆಯೊಳಗಿಂದ ಒಂದು ಸೇರು ಅಕ್ಕಿ ತಂದು ಕೊಪ್ಪರಿಗೆಯ ಪಕ್ಕ ನಿಂತ. ಅವನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಚಿಕ್ಕಬಸಪ್ಪನೇ ಬಾಯಿ ಬಿಟ್ಟ. "ಓದ್ ಸಲ ನಿನ್ ಅಕ್ಕೀಲಿ ಮಾಡಿದ್ ಪಾಯ್ಸ ಬಾಳ ಚೆನ್ನಾಗಿತ್ತು ಕಣೋ ಮಾದು."

ಮಾದು ಅವನ ಮುಖವನ್ನೇ ನೋಡಿದ. "ಯಾಕಣ್ಣ ಸುಳ್ಳು ಏಳೀರಿ? ನಿಮ್ ಕೊಟ್ಟಿಗೆ ಬಾಚಕೆ ಬತ್ತಿದ್ದೋಳು ನಮ್ಮವ್ವ ಅಲ್ವಾ? ಬಾನಿ ತೊಳೆಯೋವಾಗ ನೋಡವ್ಳೆ. ಅವಳೇ ಮೊರದಲ್ಲಿ ಕೇರಿ, ಕಲ್ಲು ಆರ್ಸಿ ಕೊಟ್ಟಿದ್ ಅಕ್ಕಿ ಅದು."

ಚಿಕ್ಕಬಸಪ್ಪ ನಿಂತಲ್ಲೇ ಇಳಿದುಹೋದ. "ಗೊತ್ತಿದ್ದೂ ಮತ್ತೆ ಯಾಕಪ್ಪಾ ಅಕ್ಕಿ ತಂದೆ?"

"ಊರ್ ಪಾತ್ರೆ ಬರಿದಾಗಿರಬಾರ್ದು. ಇದು ಪಾತ್ರೆಗೆ ಆಕ್ತಿರೋದು ಕಣಣ್ಣ, ನಿಮಗಲ್ಲ," ಎಂದು ಮಾದು ಅಕ್ಕಿ ಸುರಿದ.

ಚಿಕ್ಕಬಸಪ್ಪ ಮಳಿಗೆಯ ಬೀಗದಕೈ ಮುಂದೆ ಚಾಚಿದ. "ಇದು ನಿನ್ ತಾವೇ ಇರ್ಲಿ. ಇನ್ಮೇಲೆ ನೀನೇ ಕೊಡು, ನೀನೇ ಈಸ್ಕೊ." ಕೇಳಲು ದೊಡ್ಡ ಮನಸ್ಸಿನ ಮಾತು, ಒಳಗಿದ್ದದ್ದು ಇನ್ನೊಮ್ಮೆ ಇಲ್ಲಿಗೆ ಬರಬೇಕಾದೀತಲ್ಲ ಅನ್ನುವ ಹೆದರಿಕೆ. ಮಾದುವಿಗೆ ಅದೂ ತಿಳಿಯಿತು.

"ಬ್ಯಾಡಣ್ಣ. ಕೇಳೋರು ನಿಮ್ಮನ್ನೇ ಕೇಳ್ಲಿ. ನೀವೇ ಬಂದು ಬಾಗ್ಲು ತೆಗೀರಿ."

ಈಗಲೂ ಹಾಗೆಯೇ ನಡೆದಿದೆ. ಮದುವೆ ಗೊತ್ತಾದಾಗ ಚಿಕ್ಕಬಸಪ್ಪ ಬಿಳಿಗೆರೆಗೆ ಬರುತ್ತಾನೆ, ಶಟರ್ ಎತ್ತುತ್ತಾನೆ, ಬಗ್ಗಿ ತಳದ ಅಕ್ಕಿಯನ್ನು, ಅದು ಯಾರ ಮನೆಯದೇ ಆಗಿರಲಿ, ಒಂದು ಕಾಳೂ ಬಿಡದೆ ಬಾಚಿ ಟವೆಲಿನಲ್ಲಿ ಕಟ್ಟಿಕೊಳ್ಳುತ್ತಾನೆ. ಚನ್ನಾಜಮ್ಮ ಪಾಯಸ ಮಾಡುತ್ತಾಳೆ. ಚೆನ್ನಾಗಿದೆ ಅನ್ನಲು ಅವನಿಗೆ ಇನ್ನೂ ಬಾಯಿ ಬಂದಿಲ್ಲ.