ಕಂಪ್ಲಿಗೆ ಹೋದ ಅಕ್ಕ

ಸಂಡೂರು ಬೆಟ್ಟಗಳ ಬುಡದ ಆ ಹಳ್ಳಿಗೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ತೀರಾ ಬಡವರು ಯಾರೆಂದು ಊರವರ ಬಾಯಿಂದಲೇ ಕೇಳಿ, ಅವರಿಗೊಂದು ದುಡಿಮೆಯ ದಾರಿ ಹಾಕಿಕೊಟ್ಟು, ತಮ್ಮ ಕಾಲ ಮೇಲೆ ನಿಲ್ಲುವ ತನಕ ಜೊತೆಗಿರುವುದು ನನ್ನ ಕೆಲಸ. ಹೊಸಪೇಟೆಯ ಸಣ್ಣದೊಂದು ಸಂಸ್ಥೆ ನನ್ನನ್ನು ಅದಕ್ಕೆಂದೇ ಇಟ್ಟುಕೊಂಡಿತ್ತು.

"ಮೊದಲು ಆಕಿ ಮನಿಗೆ ಹೋಗ್ರಿ" ಎಂದು ಎಲ್ಲರೂ ಕೈ ತೋರಿಸಿದ್ದು ಊರ ಕೊನೆಯ ಗುಡಿಸಲಿಗೆ. ಅಲ್ಲಿದ್ದವಳಿಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ಮೊದಮೊದಲು ಮಾತೇ ಆಡುತ್ತಿರಲಿಲ್ಲ. ನಾವು ಕೊಟ್ಟ ಜೋಳ, ಬೇಳೆಯಲ್ಲಿ ಒಂದು ಹೊತ್ತಿಗಾಗುವಷ್ಟು ಮಾತ್ರ ಬೇಯಿಸಿ, ಉಳಿದದ್ದನ್ನು ಗಡಿಗೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದಳು.

"ಯಾಕ, ಹೊಟ್ಟಿ ತುಂಬ ಉಣ್ಣಬಾರದಾ?" ಎಂದರೆ, "ಅಕ್ಕಗ ಇರಲಿ ಬಿಡ್ರಿ" ಎನ್ನುವಳು. ಅಕ್ಕ ಎಲ್ಲೋ ಕೂಲಿಗೆ ಹೋಗಿದ್ದಾಳೆ, ಸಂಜೆಗೆ ಬರುತ್ತಾಳೆ ಎಂದೇ ನಾನು ತಿಳಿದಿದ್ದೆ.

ಅವಳು ಆಡು ಬೇಕೆಂದಳು, ಕೊಡಿಸಿದೆವು. ಲಸಿಕೆ, ಮೇವು, ಉಳಿತಾಯದ ಗುಂಪು, ಎಲ್ಲವನ್ನೂ ಬೇಗ ಕಲಿತಳು. ಮರಿಗಳಾದವು, ಅವಳ ಮುಖಕ್ಕೂ ಕಳೆ ಬಂತು. ಊರೊಳಗೆ ಅವಳಿಗೊಂದು ಮನೆಯೂ ಮಂಜೂರಾಗಿ ಕಟ್ಟಿ ಮುಗಿಯಿತು. ಆದರೆ ಅವಳು ಗುಡಿಸಲು ಬಿಟ್ಟು ಏಳಲಿಲ್ಲ.

"ಅಕ್ಕ ಬಂದ್ರ ಈ ಬಾಗಿಲಾನ ಬಡಿತಾಳ್ರಿ. ಹೊಸ ಮನಿ ಆಕಿಗೆ ಹೆಂಗ ಗೊತ್ತಾಗ್ಬೇಕು?"

ಅವತ್ತು ಎಲ್ಲ ಹೇಳಿದಳು. ಗಣಿಯಲ್ಲಿ ಅಕ್ಕತಂಗಿ ಇಬ್ಬರೂ ಅದಿರು ಆರಿಸುತ್ತಿದ್ದರಂತೆ. ಗಣಿ ನಿಂತ ಮೇಲೆ ಅಕ್ಕ ಕಬ್ಬು ಕಡಿಯುವವರ ಜೊತೆ ಕಂಪ್ಲಿ ಕಡೆ ಹೋದಳು. ಇವಳಿಗೆ ಜ್ವರ, ಅದಕ್ಕೆ ಉಳಿದಳು. ಗುಂಪು ಮರಳಿತು, ಅಕ್ಕ ಮರಳಲಿಲ್ಲ. ಒಂದು ಮುಂಜಾನೆ ಎದ್ದು ನೋಡಿದರೆ ಟೆಂಟಿನಲ್ಲಿ ಇರಲಿಲ್ಲ ಎಂದಷ್ಟೇ ಅವರು ಹೇಳಿದ್ದು. ಪೊಲೀಸರಿಗೆ ಹೇಳಿದ್ದೂ ಆಗಿತ್ತು.

ನಾವಿಬ್ಬರೂ ಕಂಪ್ಲಿಗೆ ಹೋದೆವು. ಕಬ್ಬಿನ ಗದ್ದೆಗಳ ಟೆಂಟುಗಳಲ್ಲಿ ಕೇಳಿದೆವು, ಸಿಗಲಿಲ್ಲ. ಕೊನೆಗೆ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಭತ್ತ ಹರವುತ್ತಿದ್ದ ಮುದುಕಿಯೊಬ್ಬಳು ಇವಳ ಮುಖವನ್ನೇ ನೋಡುತ್ತ ಅಂದಳು:

"ನೀ ಹಿಂದಕ ಇಲ್ಲೇ ಇದ್ದಿ ಅಲ್ಲ? ಈಗ ಆರಾಮ ಅದೀಯೇನು?"

ಇವಳು ಮುದುಕಿಯ ಎದುರು ಭತ್ತದ ಅಂಚಿಗೆ ಕೂತಳು. ಆಮೇಲೆ, "ಅದು ನಾನಲ್ಲ ಅವ್ವಾ, ನಮ್ಮಕ್ಕ. ಎತ್ಲಾಗ ಹೋದ್ಲು?"

"ಜ್ವರ ಬಂದಿತ್ತು. ಊರಿಗೆ ಹೋಗ್ತೀನಂತ ಕಾಲುವಿ ದಂಡಿ ಹಿಡಕೊಂಡು ನಡದ್ಲು."

ಗಿರಣಿಯ ಹಿಂದೆಯೇ ಕಾಲುವೆ, ದಂಡೆ ತುಂಬಿ ಹರಿಯುತ್ತಿತ್ತು. ನಾವು ಅದರ ಜೊತೆ ಕಾಲು ಸೋಲುವವರೆಗೆ ನಡೆದು, ಮರಳಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವಳು ತನ್ನ ಮುಖವನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮುಂದಿನ ವಾರ ಹೋದಾಗ ಹೊಸ ಮನೆಯಲ್ಲಿ ಒಲೆ ಹೊತ್ತಿತ್ತು. ಗುಡಿಸಲಿನಲ್ಲಿ ಆಡು ಕಟ್ಟಿದ್ದಳು. ಕೆಲವು ಆಡು ಮಾರಿ ಕಿರಾಣಿ ಅಂಗಡಿ ಇಡುತ್ತೇನೆ ಎಂದಳು. ಶಾಲೆಯ ಹತ್ತಿರವಾದರೆ ವ್ಯಾಪಾರ ಚೆನ್ನಾಗಿ ಆಗುತ್ತದೆ ಎಂದೆ.

"ಅಲ್ಲಿಂದ ಬಸ್ಸು ಕಾಣಂಗಿಲ್ರಿ."

ಬಸ್ ನಿಲ್ಲುವ ಜಾಗದಲ್ಲೇ ಅಂಗಡಿ ಇಟ್ಟಳು. ವ್ಯಾಪಾರ ಕುದುರಿತು. ಸೋರದ ಸೂರು, ಮೂರು ಹೊತ್ತಿನ ಊಟ, ಕಾಯಿಲೆ ಬಿದ್ದರೂ ಮುಳುಗದಷ್ಟು ಆಸರೆ ಅವಳಿಗೆ ದಕ್ಕಿತು. ಬಡತನದಿಂದ ಮೇಲೆ ಬಂದ ಮನೆ ಎಂದು ನಮ್ಮ ಸಂಸ್ಥೆಯವರು ಬೇರೆಯವರನ್ನು ಕರೆತಂದು ತೋರಿಸುತ್ತಿದ್ದರು. ಅದು ಸುಳ್ಳಲ್ಲ. ಆದರೆ ಬಸ್ ನಿಂತಾಗಲೆಲ್ಲ ತೂಗುವ ಕೈ ತಕ್ಕಡಿಯ ಮೇಲೆ ಹಾಗೇ ನಿಲ್ಲುತ್ತಿತ್ತು. ಕೊನೆಯವರು ಇಳಿದ ಮೇಲೇ ಸಕ್ಕರೆ ಪೊಟ್ಟಣಕ್ಕೆ ಬೀಳುತ್ತಿತ್ತು. ಗಿರಾಕಿಗಳಿಗೂ ಅದು ರೂಢಿಯಾಗಿತ್ತು, ಕಾಯುತ್ತಿದ್ದರು.

ನಾನು ಆ ಕೆಲಸ ಬಿಟ್ಟ ಮೇಲೆ ಒಮ್ಮೆ ಸಂಡೂರಿಗೆ ಹೋಗುವಾಗ ಅಲ್ಲಿ ಇಳಿದೆ. ಅಂಗಡಿಯೊಳಗೆ ಹಣ್ಣುಗೂದಲಿನ ಹೆಂಗಸೊಬ್ಬಳು ಗೋಡೆಗೆ ಒರಗಿ ಕಡಲೆ ಹಸನು ಮಾಡುತ್ತಿದ್ದಳು.

"ಅಕ್ಕ ಬಂದ್ಲೇನು?"

"ಅಕ್ಕ ಅಲ್ರಿ" ಎಂದಳು ಅಂಗಡಿಯವಳು ಮೆಲ್ಲಗೆ. "ಮಳಿಗಾಲದಾಗ ಬಸ್ಸಿಂದ ಇಳದ್ಲು, ಮೈ ಕೆಂಡ ಆಗಿತ್ತು. ಯಾವೂರು ಅಂತ ಹೇಳಂಗಿಲ್ಲ. ಯಾರಿಗೋ ಅಕ್ಕ ಇರಬೇಕ್ರಿ."

ಆ ಹೆಂಗಸು ನಮ್ಮ ಮಾತಿಗೆ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ನನಗೊಂದು ಚೊಂಬು ನೀರು ತಂದಿಟ್ಟು, ಮತ್ತೆ ಕಡಲೆಯ ಮುಂದೆ ಕೂತಳು.