ಕೇಳಿದ ಮಾತ್ರೆ ಕೊಡದ ಡಾಕ್ಟರು

ಸಕಲೇಶಪುರ, ಆಲೂರು ಸೀಮೆಯಲ್ಲಿ ಮಾತ್ರೆ ಕೊಟ್ಟು ಹೆಸರಾದ ವೈದ್ಯರು ಅನೇಕರಿದ್ದಾರೆ. ಕೇಳಿದ ಮಾತ್ರೆ ಕೊಡದೆ ಹೆಸರಾದವರು, ನಾನು ಬಲ್ಲಂತೆ, ಡಾ. ಶಾಂತಮಲ್ಲಪ್ಪನವರೊಬ್ಬರೇ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಕೈಕೆಳಗೆ ನರ್ಸ್ ಆಗಿ ದುಡಿದ ನನಗೆ ಮೊದಲು ನೆನಪಾಗುವುದು ಅವರ ಹಟವೇ.

ಹೆಗ್ಗದ್ದೆ ಕಡೆ ಸೇವೆ ಆರಂಭಿಸಿ ಮುಂದೆ ಕುಂದೂರು ಹೋಬಳಿಗೆ ಬಂದ ಅವರು ಎರಡೂ ಕಡೆ ಕಂಡದ್ದು ಒಂದೇ ರೂಢಿ: ಸೊಂಟನೋವಿಗೆ ಅಂಗಡಿಯ ಮಾತ್ರೆ, ಅದರಿಂದ ಹೊಟ್ಟೆ ಉರಿದರೆ ಗ್ಯಾಸಿನ ಮಾತ್ರೆ, ಎರಡಕ್ಕೂ ಜಾಗ ಎಲೆಯಡಿಕೆ ಚೀಲ. ಹೊಟ್ಟೆನೋವೆಂದು ಬಂದವರ ಚೀಲವನ್ನು ಡಾಕ್ಟರು ಮೇಜಿನ ಮೇಲೆ ಸುರಿಸಿ, ಸುಣ್ಣದ ಡಬ್ಬಿ, ಹೊಗೆಸೊಪ್ಪಿನ ನಡುವಿನಿಂದ ಮಾತ್ರೆ ಆರಿಸಿ ಒಂದೊಂದನ್ನೂ ವಿಚಾರಿಸುವಷ್ಟರಲ್ಲಿ ಹೊರಗಿನ ಸಾಲು ರಸ್ತೆ ಮುಟ್ಟುತ್ತಿತ್ತು. ಸಾಲಿನವರ ಬೈಗುಳ ನನ್ನ ಪಾಲಿಗೆ.

ಒಂದು ಕಾಫಿ ಕುಯ್ಲಿನ ಕಾಲದಲ್ಲಿ ಎಸ್ಟೇಟಿನ ಕೂಲಿ ಲೈನಿನ ಮನೆಯಿಂದ ನಾಗರತ್ನಮ್ಮ ಎಂಬ ಕೆಲಸಗಾರ್ತಿ ಸುಸ್ತೆಂದು ಬಂದರು. ಔಷಧಿ ಏನೂ ತೆಗೆದುಕೊಳ್ಳುವುದಿಲ್ಲವೆಂದರು. ಚೀಲದಲ್ಲಿ ಎರಡೂ ಮಾತ್ರೆಗಳಿದ್ದವು.

“ಅದು ಔಷಧಿ ಅಲ್ಲ ಸಾರ್, ಗ್ಯಾಸಿಗೆ ತಕಳೋದು.”

ಅವರ ಬಿಳಿಚಿದ ಕಣ್ಣು ನೋಡಿದ ಡಾಕ್ಟರು, ಆಕೆಯನ್ನು ಮರೆಗೆ ಕರೆದು ಮಲದ ಬಣ್ಣ ಕೇಳಲು ನನಗೆ ಹೇಳಿದರು. ಡಾಂಬರಿನಂತೆ ಕಪ್ಪು. ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಿತ್ತು. ಗ್ಯಾಸಿನ ಮಾತ್ರೆ ಉರಿ ತಗ್ಗಿಸಿದ್ದರಿಂದ ಆಕೆಗೆ ಗೊತ್ತಾಗಿರಲಿಲ್ಲ. ನಾಗರತ್ನಮ್ಮನವರೋ, ಕುಯ್ಲು ಮುಗಿಯುವ ತನಕ ಅದೇ ಗ್ಯಾಸಿನ ಮಾತ್ರೆ ಇನ್ನಷ್ಟು ಕೊಟ್ಟರೆ ಸಾಕೆಂದು ಹಟ ಹಿಡಿದರು.

“ಉರಿ ಸುಮ್ನಾಗೈತೆ ಕಣಮ್ಮ, ಒಳಗೆ ರಕ್ತ ಸೋರ್ತಾನೇ ಐತೆ. ಇವತ್ತೇ ಹಾಸನಕ್ಕೆ ಹೋಗ್ಬೇಕು.”

ಆಕೆ ಸಿಟ್ಟಾಗಿ ಎದ್ದು ನಡೆದರು. ಡಾಕ್ಟರು ಸಾಲನ್ನು ಹಾಗೆಯೇ ಬಿಟ್ಟು ಹಿಂದೆಯೇ ಹೋಗಿ, ಆಕೆ ಹತ್ತಿದ ಆಟೊಗೆ ಅಡ್ಡ ನಿಂತು, ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರಿಗೆ ಫೋನ್ ಮಾಡಿ ಕೆಲಸ ಉಳಿಯುವುದೆಂದು ಆಕೆಯ ಕಿವಿಗೇ ಹೇಳಿಸಿ, ನನ್ನನ್ನು ಜೊತೆ ಮಾಡಿ ಆಂಬುಲೆನ್ಸ್ ಹತ್ತಿಸಿದರು. ಹಾಸನದ ಆಸ್ಪತ್ರೆಯವರು ಬಾಯಿಂದ ಕೊಳವೆ ಇಳಿಸಿ ನೋಡಿ, ಹುಣ್ಣಿನಿಂದ ಒಸರುತ್ತಿದ್ದ ರಕ್ತವನ್ನು ನಿಲ್ಲಿಸಿದರು. ತಡವಾಗಿದ್ದರೆ ಕಷ್ಟವಿತ್ತೆಂದರು.

ತಮಾಷೆಯೆಂದರೆ, ಆಕೆ ಮರಳಿದ ಮೇಲೆ ಹುಣ್ಣು ಮಾಯಲೆಂದು ಡಾಕ್ಟರು ಕೊಟ್ಟದ್ದು ಅದೇ ಗ್ಯಾಸಿನ ಮಾತ್ರೆಯನ್ನು! ಆದರೆ ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು, ಅಗಿಯದೆ, ಕಾಫಿಯಲ್ಲಲ್ಲ ನೀರಿನಲ್ಲಿ ನುಂಗಬೇಕು; ಹೇಳಿದಷ್ಟು ದಿನ ತಪ್ಪಿಸಬಾರದು, ಆಮೇಲೆ ಕೇಳದೆ ಮುಂದುವರಿಸಬಾರದು; ನೋವಿನ ಮಾತ್ರೆಯನ್ನು ತಾನಾಗಿ ಮುಟ್ಟಲೇಬಾರದು. ಇಷ್ಟನ್ನೂ ಆಕೆಯ ಬಾಯಿಂದ ಒಪ್ಪಿಸಿಕೊಂಡೇ ಕಳಿಸಿದರು.

ಇನ್ನು ಸಕಲೇಶಪುರದ ಮನೆಯಲ್ಲೇ ರೋಗಿಗಳನ್ನು ನೋಡುವರಂತೆ. ಅವರ ಆಯುಸ್ಸೂ ಹಟವೂ ಒಂದಕ್ಕೊಂದು ಸಾಟಿಯಾಗಿ ಬೆಳೆಯಲಿ, ಅವರ ಬಾಗಿಲು ಬಹುಕಾಲ ತೆರೆದಿರಲಿ ಎಂದು ಹಾರೈಸುತ್ತೇನೆ. ನಾನು ಇದನ್ನು ಬರೆಯುತ್ತಿರುವುದು ತಿಳಿದು ನಾಗರತ್ನಮ್ಮನವರು ಹೇಳಿಕಳಿಸಿದ್ದನ್ನೂ ಸೇರಿಸುತ್ತೇನೆ:

“ಅವತ್ತು ನಾನು ಕೇಳಿದ್ದು ಕೊಟ್ಟಿದ್ರೆ, ಇವತ್ತು ಅವ್ರು ಚೆನ್ನಾಗಿರ್ಲಿ ಅನ್ನಕೆ ನಾನೇ ಇರ್ತಿರ್ಲಿಲ್ಲ. ಚೆನ್ನಾಗಿರ್ಲಿ ಅಂತ ನನ್ ಹೆಸ್ರಲ್ಲೂ ಬರೀರಿ.”