ಹೊಡೆದ ಮೇಲೆ ಬೈಯುವ ನಮ್ಮತ್ತೆ

ನಮ್ಮತ್ತೆ ಮಾಳವ್ವ ಬೈದು ಹೊಡೆಯುವವರಲ್ಲ. ಹೊಡೆದ ಮೇಲೆ ಬೈಯುವವರು. ಕಣ್ಣು ಕೆಂಪಾಗುವುದು, ದನಿ ಏರುವುದು, ಹಲ್ಲು ಕಡಿಯುವುದು, ಇಂಥ ಯಾವ ಸೂಚನೆಯೂ ಇರುತ್ತಿರಲಿಲ್ಲ. ಏಟು ಬಿದ್ದ ಮೇಲಷ್ಟೇ ಕಾರಣ ತಿಳಿಯುತ್ತಿತ್ತು. ನಾಯಿಗೂ ಹಾಗೆಯೇ, ಮಕ್ಕಳಿಗೂ ಹಾಗೆಯೇ, ಒಮ್ಮೆ ಸಂತೆಯಲ್ಲಿ ಬೇಕಂತಲೇ ಮೈಗೆ ಮೈ ತಾಗಿಸಿದ ಗಂಡಸಿಗೂ ಹಾಗೆಯೇ. ಅವನ ಮೂಗಿನ ರಕ್ತ ಅಂಗಿಯ ಮೇಲೆ ಇಳಿಯುತ್ತಿದ್ದಾಗ ಅತ್ತೆ ಸಾವಕಾಶವಾಗಿ ಸೆರಗು ಸರಿಮಾಡಿಕೊಂಡು, ಆಮೇಲೆ ಬೈಯಲು ಶುರು ಮಾಡಿದರಂತೆ.

ಎತ್ತರದ ಹೆಂಗಸು. ಹಣೆ ತುಂಬ ಭಂಡಾರದ ಅರಿಸಿನ, ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಜಾಲಿಯ ಬಡಿಗೆ. ಮಾವ ತೀರಿಕೊಂಡ ಮೇಲೆ ಕುರಿಗಳ ಹಿಂದೆ ತಾವೇ ಹೊರಟವರು. ದರಿಬಡಚಿಯ ಸುತ್ತಲಿನ ಕಲ್ಲುನೆಲದಲ್ಲಿ ಹುಲ್ಲಿಗಿಂತ ಜಗಳವೇ ಹೆಚ್ಚು ಬೆಳೆಯುತ್ತದೆ ಎಂದು ಅವರೇ ನಗುತ್ತಿದ್ದರು. ನಾನು ಸೊಸೆಯಾಗಿ ಬರುವ ಮುಂಚೆ, ಅಸಂಗಿಯ ಕಡೆ ಒಂದು ಕುರಿ ಜೋಳದ ಹೊಲಕ್ಕೆ ನುಗ್ಗಿತು. ಹೊಲ ಕಾಯುವವನು ಕಲ್ಲೆತ್ತಿ ಹಾಕಿ ಅದರ ಮುಂಗಾಲು ಮುರಿದ. ಅತ್ತೆ ಕುರಿಯನ್ನು ಹೊತ್ತು ತಂದು ನೆರಳಲ್ಲಿ ಮಲಗಿಸಿ, ಮರಳಿ ಹೋಗಿ ಅವನ ಮೊಣಕೈ ಮುರಿದರು. ಊರ ಹಿರಿಯರು ಕರೆಸಿ, ಬಾಯಿಂದ ಕೇಳಬಾರದಿತ್ತೇ ಎಂದರೆ, "ಕುರಿಗಿ ಬಾಯಿ ಇಲ್ಲರಿ. ಅದಕ್ಕ ಬಡಿಗಿ ಮಾತಾಡೇತಿ," ಎಂದರಂತೆ. ಆದರೆ ಅವನ ಎಲುಬು ಕೂಡುವ ತನಕ ದಿನಾ ಬೆಳಿಗ್ಗೆ ಒಂದು ಚೊಂಬು ಹಾಲನ್ನು ಅವನ ಮನೆಗೆ ತಾವೇ ಒಯ್ದು ಕೊಟ್ಟರು. ಮುರಿದವರೇ ಕೂಡಿಸಬೇಕು ಎನ್ನುವುದು ಅವರ ನ್ಯಾಯ.

ಕೂಡಿಸಲಾಗದೆ ಉಳಿದದ್ದೂ ಒಂದಿತ್ತು. ನನ್ನ ಗಂಡ ಅಮಸಿದ್ಧನಿಗೆ ಎಡಗಿವಿ ಕೇಳುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯೇ ನನಗೆ ಹೇಳಿದರು: "ಅವನ ಎಡಕ್ಕ ಕುಂತು ಮಾತಾಡಬ್ಯಾಡ, ಕೇಳೂದಿಲ್ಲ." ಯಾಕೆಂದು ಕೇಳಿದೆ. ಅವನಿಗೆ ಮೂರು ವರ್ಷವಿದ್ದಾಗ ಕುರಿಹಟ್ಟಿಯ ಬಾಗಿಲು ತೆಗೆದಿದ್ದನಂತೆ. ನಾಯಿಗಳು ನುಗ್ಗಿ ಮರಿಗಳ ಕರುಳು ಹರಿದು ಹಾಕಿದವಂತೆ. ಅತ್ತೆ ಒಂದೇ ಏಟು ಹೊಡೆದರು. ಕಿವಿಯಿಂದ ರಕ್ತ ಬಂತು, ಆಮೇಲೆ ಕೀವು ಬಂತು. "ಮತ್ತ ಎಂದೂ ಬಾಗಲಾ ತಗೀಲಿಲ್ಲ ನೋಡ," ಎಂದು ಅವರು ಮಾತು ಮುಗಿಸಿದರು. ಅಮಸಿದ್ಧನೂ ಆ ಏಟಿನ ಬಗ್ಗೆ ಹೆಮ್ಮೆಯಿಂದಲೇ ಹೇಳುತ್ತಿದ್ದ. ಅವ್ವ ಅವತ್ತು ಹೊಡೆಯದಿದ್ದರೆ ತಾನು ಮನುಷ್ಯನೇ ಆಗುತ್ತಿರಲಿಲ್ಲವಂತೆ. ಆ ಮನೆಯಲ್ಲಿ ಏಟು ಅಂದರೆ ಉಪ್ಪಿದ್ದ ಹಾಗೆ. ಇಲ್ಲದಿದ್ದರೆ ಅಡುಗೆ ಕೆಟ್ಟಿತೆಂದು ಲೆಕ್ಕ.

ನಮಗೆ ಶ್ರಾವಣಿ ಹುಟ್ಟಿದಳು. ಅತ್ತೆಯ ನಾಲಿಗೆಗೆ ಆ ಹೆಸರು ಒಗ್ಗಲಿಲ್ಲ. 'ಶಾಣಿ' ಎಂದು ಕರೆದರು, ನಮ್ಮ ಕಡೆ ಜಾಣೆಗೆ ಹಾಗೆನ್ನುತ್ತಾರೆ. ಎರಡು ವರ್ಷ ತುಂಬಿದ ಮೇಲೆ ಶಾಣಿ ಕಚ್ಚತೊಡಗಿದಳು. ಬೇಕಾದದ್ದು ಸಿಗದಿದ್ದರೆ ಕಚ್ಚುವುದು, ಎತ್ತಿಕೊಂಡರೆ ಕಚ್ಚುವುದು, ಇಳಿಸಿದರೂ ಕಚ್ಚುವುದು. ಒಂದು ದಿನ ಪಕ್ಕದ ಮನೆಯ ಹಸುಗೂಸಿನ ಗಲ್ಲ ಕಚ್ಚಿ ರಕ್ತ ಬರಿಸಿದಳು. ಅತ್ತೆ ಅವಳ ಕೈ ಹಿಡಿದು, ಹಲ್ಲಿನ ಗುರುತು ಮೂಡುವಂತೆ ತಾವೂ ಕಚ್ಚಿದರು. ನೋವು ಏನೆಂದು ಗೊತ್ತಾಗಲಿ ಎಂದು. ಮರುದಿನ ಕುಡುಗೋಲಿನ ತುದಿ ಕಾಸಿ ತುಟಿಯ ಹತ್ತಿರ ಹಿಡಿದು ಹೆದರಿಸಿದರು. ಶಾಣಿ ಹೆದರಿ ನಡುಗಿದಳು, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಳು, ಸಂಜೆ ಮತ್ತೆ ನನ್ನ ತೋಳು ಕಚ್ಚಿದಳು.

ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು. ನಮ್ಮದು ಗಡಿಯ ಊರು, ಅಲ್ಲಿನ ಟೀಚರ್ ಬಾಯಿ ಮರಾಠಿಯಲ್ಲಿ ತಿಳಿಸಿ ಹೇಳಿದರು: ಮಕ್ಕಳನ್ನು ಹೊಡೆಯಬೇಡಿ, ತಪ್ಪು ಮಾಡಿದಾಗ ಒಂದು ಮೂಲೆಯಲ್ಲಿ ಕೂರಿಸಿ, ಎಷ್ಟು ವರ್ಷದ ಮಗುವೋ ಅಷ್ಟು ನಿಮಿಷ, ನಡುವೆ ಮಾತಾಡಿಸಬೇಡಿ, ಆಮೇಲೆ ಎತ್ತಿಕೊಳ್ಳಿ. ನಾನು ಅದನ್ನು ಮನೆಗೆ ತಂದೆ. ಜೋಳದ ಚೀಲಗಳ ಪಕ್ಕದ ಮೂಲೆಯನ್ನು ಶಾಣಿಗೆಂದು ಗೊತ್ತು ಮಾಡಿದೆ. ಅತ್ತೆ ಉಣ್ಣೆ ನೂಲುತ್ತ ನೋಡುತ್ತಿದ್ದರು. "ಮೂಲ್ಯಾಗ ಕುಂಡ್ರಿಸಿದ್ರ ಹಲ್ಲು ಮೊಂಡ ಆಗ್ತಾವೇನ?" ಎಂದು ಕೇಳಿದರು.

ಮೊದಲ ದಿನ ಶಾಣಿ ಕೂರಲೇ ಇಲ್ಲ. ಕೂರಿಸಿದರೆ ಏಳುತ್ತಿದ್ದಳು, ಮತ್ತೆ ಕೂರಿಸಿದರೆ ಮತ್ತೆ ಏಳುತ್ತಿದ್ದಳು. ಆಟ ಎಂದುಕೊಂಡು ನಕ್ಕಳು. ನಾನು ಮುಖ ತಿರುಗಿಸಿದಾಗ ನಗು ನಿಂತಿತು. ಎದೆ ಬಿರಿಯುವಂತೆ ಕಿರುಚಿದಳು, ಗೋಡೆಗೆ ಹಣೆ ಹೊಡೆದುಕೊಂಡಳು, ಕುಡಿದ ಹಾಲೆಲ್ಲ ಕಾರಿದಳು. ನನ್ನ ಕೈಯೂ ಒಳಗೊಳಗೇ ತುರಿಸುತ್ತಿತ್ತು. ನಿಜ ಹೇಳಬೇಕೆಂದರೆ ಆ ಎರಡು ನಿಮಿಷ ಕೂತದ್ದು ನಾನು. ಕೂತಿದ್ದಕ್ಕೆ ಕೈ ಏಳಲಿಲ್ಲ. ಕೆಲವು ದಿನ ಕಳೆದ ಮೇಲೆ ಶಾಣಿ ಒಮ್ಮೊಮ್ಮೆ ಕೂರತೊಡಗಿದಳು. ಒಂದು ದಿನ ನೋಡಿದರೆ ಕುರಿಮರಿಯೊಂದನ್ನು ಎಳೆದು ತಂದು ಆ ಮೂಲೆಗೆ ದೂಡಿ ಅದರ ಕಿವಿ ತಿರುವುತ್ತಿದ್ದಳು. ಅವಳು ಏನು ಕಲಿತಳೋ ನನಗೆ ತಿಳಿಯಲಿಲ್ಲ.

ಕಬ್ಬಿನ ಹಂಗಾಮು ಮುಗಿಸಿ ಅಮಸಿದ್ಧ ಮನೆಗೆ ಬಂದ. ಟ್ರ್ಯಾಕ್ಟರ್ ಹೊಡೆಯಲು ಹೋದವನು ತಿಂಗಳುಗಟ್ಟಲೆ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತು, ಚಪ್ಪಲಿ ಬಿಟ್ಟವನೇ ಮಗಳನ್ನು ಎತ್ತಿ ಮುದ್ದಿಸಿದ. ಗಡ್ಡ ಬಿಟ್ಟ ಆ ಮುಖದ ಗುರುತು ಶಾಣಿಗೆ ಹತ್ತಲಿಲ್ಲ. ಅವನ ತುಟಿ ಕಚ್ಚಿ ಹಿಡಿದಳು. ಅವನು ಕಿತ್ತು ಬಿಡಿಸಿಕೊಂಡು, ಕೆನ್ನೆ ಕಿವಿ ಸೇರಿಸಿ ಬಾರಿಸಿದ. ಮಗು ಕೈಜಾರಿ ಹೊಸ್ತಿಲ ಮೇಲೆ ಬಿತ್ತು. ಹಾಲುಹಲ್ಲು ಮುರಿದು ಬಾಯೆಲ್ಲ ರಕ್ತ. ಅಳಲೂ ಉಸಿರು ಬಾರದೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ನಾನು ಓಡಿ ಎತ್ತಿಕೊಂಡೆ.

ಅತ್ತೆ ನೂಲು ಬಿಟ್ಟು ಎದ್ದರು. ಮಗನ ಕಡೆ ನೋಡಲಿಲ್ಲ. ನನ್ನ ಹಿಂದೆ ಬಂದು ನಿಂತು, ಮೆಲ್ಲಗೆ "ಶಾಣಿ" ಎಂದರು. ಮಗು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ತಿರುಗಲಿಲ್ಲ. ಅತ್ತೆಯ ಮುಖದ ಬಣ್ಣ ಹೋದದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ. ಚಪ್ಪಾಳೆ ತಟ್ಟಿದರು. ಆಗ ಶಾಣಿ ತಿರುಗಿ ಅಜ್ಜಿಯನ್ನು ನೋಡಿ ಗೊಳೋ ಎಂದು ಅತ್ತಳು.

ಅತ್ತೆ ಮೂಲೆಯ ಬಡಿಗೆ ತೆಗೆದುಕೊಂಡರು. ಮೊದಲ ಏಟು ಅಮಸಿದ್ಧನ ಭುಜಕ್ಕೆ, ಎರಡನೆಯದು ತೋಳಿಗೆ, ಮೂರನೆಯದಕ್ಕೆ ಅವನು ಬಡಿಗೆಯನ್ನೇ ಹಿಡಿದು ಕಸಿದುಕೊಂಡ. ಕಸಿಯುವ ಭರಕ್ಕೆ ಅವ್ವನನ್ನು ನೂಕಿದ. ಅತ್ತೆ ಬೀಸುಕಲ್ಲಿನ ಮೇಲೆ ಬಿದ್ದರು. ಹಣೆ ಒಡೆದು, ಭಂಡಾರದ ಹಳದಿಯಲ್ಲಿ ರಕ್ತ ಕೂಡಿ ಹುಬ್ಬಿನ ಮೇಲೆ ಇಳಿಯಿತು. ಅವನು ಬಡಿಗೆ ಎತ್ತಿ ನಿಂತಿದ್ದ.

ಅತ್ತೆ ರಕ್ತ ಒರೆಸಿಕೊಳ್ಳಲಿಲ್ಲ. "ಹೊಡಿ," ಎಂದರು. "ನಾನ ಕಲಿಸೀನಿ ನಿನಗ."

ಅವನ ಕೈ ಕೆಳಗಿಳಿಯಿತು. ಅತ್ತೆ ಗೋಡೆ ಹಿಡಿದು ಎದ್ದು, ಬಾಗಿಲ ಕಡೆ ತೋರಿಸಿದರು. "ನಡಿ. ಹೊರಗ ಕಟ್ಟಿ ಮ್ಯಾಲ ಕುಂದ್ರು. ಎರಡು ವರ್ಷದ ಕೂಸಿಗಿ ಕುಂದ್ರು ಅಂದ್ರ ಏನ ತಿಳೀತೈತಿ? ನಮಗ ತಿಳೀತೈತಿ."

ಅವನು ಹೋಗಿ ಕೂತ. ಅತ್ತೆಯೂ ಹೋದರು. ನಾನು ಮಗುವಿನ ಬಾಯಿ ತೊಳೆಯುತ್ತ ಕಿಟಕಿಯಿಂದ ನೋಡಿದೆ. ಉರಿಬಿಸಿಲು. ಅವ್ವ ಮಗ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ನನಗೆ ಮೊದಲು ಕಂಡದ್ದು ಅತ್ತೆ ಅವನ ಎಡಕ್ಕೆ ಕೂತದ್ದು. ರಸ್ತೆಯ ಕಡೆ ನೋಡುತ್ತಲೇ, ಸಣ್ಣ ದನಿಯಲ್ಲಿ ಮಾತಾಡಿದರು.

"ಅವತ್ತ ಹಟ್ಟಿ ಬಾಗಲಾ ನಾನ ಬರೋಬರಿ ಹಾಕಿದ್ದಿಲ್ಲ. ನೀ ಬರೇ ಮುಟ್ಟಿದ್ದಿ. ನಾಯಿ ನನ್ನ ತಪ್ಪಿಗಿ ಬಂದೂ. ಏಟು ನಿನಗ ಬಿತ್ತು."

ಅಮಸಿದ್ಧ ತುಟಿಯ ರಕ್ತ ಒರೆಸಿಕೊಳ್ಳುತ್ತಿದ್ದ. ಅವ್ವನ ಕಡೆ ತಿರುಗಿ, "ಏನರ ಅಂದೇನ ಯವ್ವಾ?" ಎಂದು ಕೇಳಿದ.

"ಏನಿಲ್ಲ. ಕುಂದ್ರು," ಎಂದರು ಅತ್ತೆ.

ಕಿಟಕಿಯಿಂದ ಕೇಳಿಸಿಕೊಂಡದ್ದನ್ನು ನಾನು ಅವನಿಗೆ ಇವತ್ತಿಗೂ ಹೇಳಿಲ್ಲ. ಹೇಳುವುದು ನನ್ನದಲ್ಲ ಎನ್ನಿಸುತ್ತದೆ.

ಅಂದಿನಿಂದ ಕೈ ಎತ್ತಿದವರು ಕಟ್ಟೆಗೆ ಹೋಗಬೇಕು ಎಂದಾಯಿತು. ಅತ್ತೆಯ ಕೈ ಒಮ್ಮೆಲೇ ಬದಲಾಗಲಿಲ್ಲ. ದೀಪಾವಳಿಯ ದಿನ ಕುದಿಯುವ ಎಣ್ಣೆಯ ಬಾಣಲೆಗೆ ಕೈ ಹಾಕಲು ಹೋದ ಶಾಣಿಯ ಬೆನ್ನಿಗೆ ಫಟ್ಟನೆ ಒಂದು ಬಿತ್ತು. ಕರಿಯುವುದನ್ನು ನನಗೆ ಬಿಟ್ಟು ತಾವಾಗಿಯೇ ಎದ್ದು ಹೊರಗೆ ಹೋದರು. ಹಬ್ಬದ ದಿನ ಒಬ್ಬರೇ ಕಟ್ಟೆಯ ಮೇಲೆ ಯಾಕೆ ಕೂತಿದ್ದೀರಿ ಎಂದು ಹಾದುಹೋಗುವವರು ಕೇಳಿದರೆ, ಗಾಳಿಗೆ ಎಂದರು. ಅಮಸಿದ್ಧನೂ ಎಷ್ಟೋ ಸಲ ಹೋಗಿ ಕೂತಿದ್ದಾನೆ. ನಾನೂ ಕೂತಿದ್ದೇನೆ. ಶಾಣಿ ಕಚ್ಚುವುದನ್ನು ಬಿಟ್ಟಳು. ಮೂಲೆಯಿಂದ ಬಿಟ್ಟಳೋ, ಬಾಯಿಗೆ ಮಾತು ಬಂದದ್ದರಿಂದ ಬಿಟ್ಟಳೋ, ಯಾರಾದರೂ ಕೇಳಿದರೆ ನನಗೆ ಹೇಳಲಾಗುವುದಿಲ್ಲ.

ಹೋದ ವರ್ಷ ಅತ್ತೆ ಕುರಿಗಳ ಜೊತೆ ಭೀಮೆಯ ದಂಡೆಗೆ ಹೋದವರು ಅಲ್ಲಿಯೇ ಜ್ವರ ಬಂದು ತೀರಿಕೊಂಡರು. ಅಮಸಿದ್ಧ ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಕಡೆಯದಾಗಿ ಅವರನ್ನು ನೋಡಿದ್ದು ಹೊರಡುವ ಬೆಳಿಗ್ಗೆ. ಶಾಣಿಗೆ ನಾಲ್ಕು ವರ್ಷ. ಅಜ್ಜಿ ಹೋಗಬಾರದೆಂದು ಸೀರೆ ಹಿಡಿದು ಎಳೆದಳು, ಬಿಡಿಸಿದರೆ ಹೊಡೆಯತೊಡಗಿದಳು. ಎರಡೂ ಮುಷ್ಟಿಯಿಂದ ತೊಡೆಗೆ, ಹೊಟ್ಟೆಗೆ, ಸಿಕ್ಕಲ್ಲಿ ಗುದ್ದಿದಳು, ಉಗುಳಿದಳು. ಎತ್ತಿಕೊಳ್ಳಲು ಹೋದರೆ ಅತ್ತೆ ಕೈಸನ್ನೆಯಿಂದ ನನ್ನನ್ನು ತಡೆದರು. ಬಡಿಗೆಯನ್ನು ದೂರ ಇಟ್ಟು ಮಣ್ಣಿನಲ್ಲಿ ಕೂತರು. ಈಗ ಅವಳ ಕೈಗೆ ಅವರ ಮುಖವೂ ಎಟುಕಿತು. ಗಲ್ಲಕ್ಕೆ ಹೊಡೆದಳು, ಪರಚಿದಳು. ಅತ್ತೆ ಕಣ್ಣು ಮುಚ್ಚಿಕೊಂಡರೇ ಹೊರತು ಮುಖ ತಿರುಗಿಸಲಿಲ್ಲ. ಕಡೆಗೆ ಶಾಣಿ ಕೈ ಸೋತು ಬಿಕ್ಕುತ್ತ ನಿಂತಳು.

"ಮುಗೀತೇನ? ಇನ್ನೂ ಐತೇನ?" ಎಂದು ಅತ್ತೆ ಕೇಳಿದರು.

ಶಾಣಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅತ್ತೆ ಎದ್ದು, ಅವಳನ್ನು ಎತ್ತಿ ನನ್ನ ಸೊಂಟದ ಮೇಲೆ ಕೂರಿಸಿ, ಕುರಿಗಳನ್ನು ಹೊಡೆದುಕೊಂಡು ಹೋದರು.